ತವರಿನ ಕುರಿಯ ಜೊತೆ ಬಂದ ಗೊಟ್ಟ

ನಾನೊಂದು ಗೊಟ್ಟ. ಕುರಿಗಳ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ. ಕುರಿ ಕಾಯುವ ಯಮನಪ್ಪ ನನ್ನ ತುದಿಯನ್ನು ಓರೆಯಾಗಿ ಕೊಯ್ದು, ಕುರಿಯ ನಾಲಿಗೆಗೆ ಚುಚ್ಚದಂತೆ ಕಲ್ಲಿಗೆ ಉಜ್ಜಿ ನುಣುಪು ಮಾಡಿದ. ಅವನು ತೀರಿದ ಮೇಲೆ ಮಗ ಲಕ್ಕಪ್ಪನ ಕೈಗೆ ಬಂದೆ.

ಲಕ್ಕಪ್ಪನ ತಂಗಿ ಮಾಳವ್ವ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಳು. ಕೂಸಿನ ಹೆಸರಲ್ಲಿ ತವರಿನವರು ಒಂದು ಕುರಿ ಕೊಡುವುದು ಅವರ ಪದ್ಧತಿ. ಅಂದು ಬೆಳಗ್ಗೆ ಲಕ್ಕಪ್ಪ ದೊಡ್ಡಿಯ ಮೂಲೆಯಲ್ಲಿ ಕೆಮ್ಮುತ್ತಿದ್ದ ಕುರಿಯನ್ನು ಹಿಡಿದು, ನನ್ನಿಂದ ಅದಕ್ಕೆ ಬೆಲ್ಲ ಶುಂಠಿಯ ಕಷಾಯ ಹೊಯ್ದ. ಅದರ ಸಿಂಬಳವನ್ನು ತನ್ನ ಟವೆಲಿನಿಂದಲೇ ಒರೆಸಿದ. ವಾಸಿ ಮಾಡುತ್ತಿದ್ದಾನೆ ಅಂದುಕೊಂಡೆ. ಕೆಮ್ಮು ತುಸು ಅಡಗಿದ ಮೇಲೆ ಅದರ ಹಣೆಗೆ ಅರಿಶಿನ ಹಚ್ಚಿ ತಂಗಿಯ ಮುಂದೆ ನಿಲ್ಲಿಸಿದ.

"ಯಾಕಣ್ಣಾ, ಮಂಕಾಗೈತಲ್ಲ ಇದು?" ಅಂದಳು ಮಾಳವ್ವ.

"ನಿನ್ನಂಗ. ತವರು ಬಿಡಾಕ ಅಳು ಬಂದೈತಿ ಅದಕ್ಕ."

ಎಲ್ಲರೂ ನಕ್ಕರು. ಅವ್ವ ನನ್ನನ್ನೂ ಮಾಳವ್ವನ ಗಂಟಿಗೆ ಸೇರಿಸಿದಳು. "ನಿಮ್ಮಪ್ಪ ಮಾಡಿದ್ದವಾ, ನಿನ್ ಮನ್ಯಾಗಿರ್ಲಿ."

ಗಂಡನ ಮನೆ ಮುಟ್ಟಿದೆವು. ಕೊಂಡು ತಂದ ಕುರಿಯನ್ನು, ರೋಗವಿದ್ದರೆ ಹರಡದಿರಲೆಂದು, ಕೆಲವು ದಿನ ಬೇರೆ ಕಟ್ಟುತ್ತಾರೆ. ತವರಿನ ಕುರಿಯನ್ನು ಹಾಗೆ ಕಟ್ಟಿದರೆ ಕೊಟ್ಟವನಿಗೆ ಅವಮಾನ. ಆದರೂ ಅತ್ತೆ ಅಂದಳು, "ಉಸುರು ಜೋರೈತಿ, ಬ್ಯಾರೆ ಕಟ್ಟವಾ."

"ನಮ್ಮಣ್ಣ ಕೊಟ್ಟಿದ್ದು, ಅತ್ತಿ!"

ಮಾಳವ್ವ ಅದನ್ನು ತನ್ನ ಕುರಿಗಳ ನಡುವೆಯೇ ಬಿಟ್ಟಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ನಾಲ್ಕು ಕುರಿಗಳಷ್ಟೇ.

ವಾರದೊಳಗೆ ಎಲ್ಲವೂ ಕೆಮ್ಮಿದವು. ಕುತ್ತಿಗೆ ಚಾಚಿ, ಬಾಯಿ ತೆರೆದು ಏದುಸಿರು ಬಿಟ್ಟವು. ಕಷಾಯ ಹೊಯ್ಯಲೆಂದು ಮಾಳವ್ವ ಗಂಟು ಬಿಚ್ಚಿ ನನ್ನನ್ನು ತೆಗೆದಳು. ನನ್ನೊಳಗೆ ಇರುವೆಗಳು ಮುತ್ತಿದ್ದವು. ಮೂಸಿದಳು. ಬೆಲ್ಲ, ಶುಂಠಿ. ಈ ಮನೆಯಲ್ಲಿ ನನ್ನನ್ನು ಇನ್ನೂ ಯಾರೂ ಬಳಸಿರಲಿಲ್ಲ. ಕಷಾಯ ಹೊಯ್ದದ್ದು ತವರಿನಲ್ಲೇ, ಕೆಮ್ಮು ಅಣ್ಣನಿಗೆ ಗೊತ್ತಿತ್ತು ಅಂತ ಅವಳಿಗೆ ಹೊಳೆಯಿತು.

ದನದ ಡಾಕ್ಟರು ಬಂದರು. "ನ್ಯುಮೋನಿಯಾ. ಕೆಮ್ಮೋ ಕುರಿಗೆ ಗೊಟ್ಟ ಹಾಕಬ್ಯಾಡ್ರಿ, ಹೊಯ್ದಿದ್ದು ಪುಪ್ಪುಸಕ್ಕ ಇಳೀತೈತಿ" ಎಂದು ಸೂಜಿ ಹಾಕಿದರು. ತವರಿನ ಕುರಿ ಮೊದಲು ಸತ್ತಿತು. ಅವಳ ಕುರಿಗಳಲ್ಲಿ ಒಂದು ಉಳಿಯಿತು. ಅತ್ತೆ ಒಂದು ಮಾತೂ ಬೈಯಲಿಲ್ಲ. ಮಾಳವ್ವನಿಗೆ ಅದೇ ತಡೆಯಲಾಗಲಿಲ್ಲ.

ಕೂಸನ್ನು ನೋಡಲು ಲಕ್ಕಪ್ಪ ಬಂದ. ಮಾಳವ್ವ ರೊಟ್ಟಿ ಬಡಿಸಿದಳು.

"ಕುರಿ ಹೆಂಗೈತವಾ?"

ಅವಳು ನನ್ನನ್ನು ತಂದು ಅವನ ತಾಟಿನ ಪಕ್ಕ ಇಟ್ಟಳು. "ಮೂಸಿ ನೋಡಣ್ಣಾ."

ಅವನು ಮೂಸಲಿಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಈಗ ಮಾಳವ್ವನ ದೊಡ್ಡಿಯ ತಡಿಕೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಮೈ ಸೀಳಿದೆ. ಉಳಿದ ಕುರಿ ಮರಿ ಹಾಕಿದೆ. ಮಾಳವ್ವ ಈಗ ಯಾರು ಕೊಟ್ಟ ಕುರಿಯನ್ನೂ ಬೇರೆ ಕಟ್ಟುತ್ತಾಳೆ. ಅಂದು ಬೆಳಗ್ಗೆ ತವರಿನ ಕುರಿ ನನ್ನನ್ನು ನಂಬಿ ಬಾಯಿ ತೆರೆದಿತ್ತು. ನಾನು ಲಕ್ಕಪ್ಪನ ಕೈಯನ್ನು ನಂಬಿದ್ದೆ. ಆ ಬೆರಳುಗಳು ಥೇಟ್ ಯಮನಪ್ಪನ ಬೆರಳುಗಳಂತೆಯೇ ಇದ್ದವು.