ಹೆಪ್ಪಿನ ವಾಟಗ

ಸವದತ್ತಿಯಲ್ಲಿ ತ್ರ್ಯಂಬಕ ಮಾಸ್ತರರ ಮನೆಗೂ ಗುರುಬಸವ್ವನ ಮನೆಗೂ ನಡುವೆ ಒಂದೇ ಗೋಡೆ. ಮಾಸ್ತರರ ಹೆಂಡತಿ ನರ್ಮದಾಬಾಯಿಗೆ ಮೊಣಕಾಲಿನ ಆಪರೇಶನ್ ಆದಾಗಿನಿಂದ ಗುರುಬಸವ್ವ ದಿನಾ ಸಂಜೆ ಬಂದು, ಮಂಚದ ಬದಿ ಕೂತು, ಊರ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದಳು. ಈಗ ಹತ್ತು ದಿನವಾಯಿತು, ಸುಳಿವಿಲ್ಲ. ನರ್ಮದಾಬಾಯಿ ಬಾಗಿಲು ನೋಡುತ್ತ ಮಲಗಿರುತ್ತಾರೆ.

ಕಾರಣ ಮಾಸ್ತರರೇ. ಅದು ಅವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಬೈಲಹೊಂಗಲದ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದವರು. ಮುಂದಿನ ವಾರ ರಾಮದುರ್ಗದಲ್ಲಿ ‘ಕೊಡುಗೆ ಎಂದರೇನು’ ಎಂಬ ಉಪನ್ಯಾಸವಿತ್ತು. ಫ್ರಾನ್ಸಿನ ಚಿಂತಕನೊಬ್ಬನ ವಾದ ಅವರಿಗೆ ಬಹಳ ಹಿಡಿಸಿತ್ತು: ಕೊಟ್ಟವನಲ್ಲಿ ಕೊಟ್ಟೆನೆಂಬ ನೆನಪು, ಪಡೆದವನಲ್ಲಿ ಪಡೆದೆನೆಂಬ ಭಾರ ಉಳಿದರೆ ಅದು ಕೊಡುಗೆಯೇ ಅಲ್ಲ. ಆ ಭಾರ ಎಂಥದೆಂದು ಅವರಿಗೆ ಪುಸ್ತಕ ಹೇಳಬೇಕಿರಲಿಲ್ಲ. ತಂದೆ ಮನೆಮನೆ ಪೂಜೆ ಮಾಡಿ, ದಾನದ ಅಕ್ಕಿಬೇಳೆಯಿಂದ ಸಂಸಾರ ಸಾಗಿಸಿದವರು. ಆ ಚೀಲ ಹೊತ್ತು ತಂದೆಯ ಹಿಂದೆ ನಡೆಯುವಾಗಲೇ ತ್ರ್ಯಂಬಕರು ಶಪಥ ಮಾಡಿಬಿಟ್ಟಿದ್ದರು, ಇನ್ನು ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದು.

ಹಾಗಾಗಿ ಗುರುಬಸವ್ವ ಡಬ್ಬಿಯಲ್ಲಿ ಹೊಲದ ಹಸಿ ಕಡಲೆ ಕೊಟ್ಟರೆ ಗಂಟೆಯೊಳಗೆ ಅದೇ ಡಬ್ಬಿ ತುಂಬ ಪೇಡೆ ವಾಪಸ್ ಹೋಗುತ್ತಿತ್ತು. ಕಡೆಯ ಸಲ ಆಕೆ ಎಳೆ ಜೋಳದ ತೆನೆ ಸುಟ್ಟು ಬಿಸಿಬಿಸಿ ಸೀತನಿ ತಂದಿದ್ದಳು. ಕೊಟ್ಟು ಹೊರಟವಳು ತನ್ನ ಮನೆಯ ಮೆಟ್ಟಿಲು ಹತ್ತಿರಲಿಲ್ಲ, ಮಾಸ್ತರರು ಡಬ್ಬಿಗೆ ಗೋಡಂಬಿ ತುಂಬಿ ಬೆನ್ನಿಗೇ ಓಡಿದ್ದರು. ಆಕೆ ತೆಗೆದುಕೊಂಡು ಒಳಗೆ ಹೋದವಳು ಮತ್ತೆ ಈ ಕಡೆ ಬಂದಿರಲಿಲ್ಲ.

“ನಾ ಏನ ಕಡಿಮಿ ಮಾಡಿದೆ?” ಎಂದು ಮಾಸ್ತರರು ಇವತ್ತು ಕೇಳಿಯೇ ಬಿಟ್ಟರು.

“ಅಲ್ಲರಿ, ಆಕಿ ಕೊಟ್ಟದ್ದು ಇನ್ನೂ ಬಿಸಿ ಆರಿರಲಿಲ್ಲ, ನೀವು ತಿರುಗಿ ಕೊಟ್ರಿ,” ಎಂದರು ನರ್ಮದಾಬಾಯಿ. “ಅಷ್ಟು ಗಡಿಬಿಡಿ ಯಾರಿಗಿರತದ? ಸಂಬಂಧ ಮುರಕೊಳ್ಳೋರಿಗೆ. ಡಬ್ಬಿ ನಾಕ ದಿನ ನಮ್ಮನ್ಯಾಗ ಇರಬೇಕು. ಆಮ್ಯಾಲ ಒಂದ ಚಮಚ ಸಕ್ಕರಿ ಹಾಕಿ ಕೊಟ್ರ ಮುಗೀತು.”

ಮಾಸ್ತರರ ಕಣ್ಣು ಪುಸ್ತಕಗಳ ಕಡೆ ಹೋಯಿತು. ಕೊಡುವುದಕ್ಕೂ ಹಿಂದಿರುಗಿಸುವುದಕ್ಕೂ ನಡುವೆ ಕಾಲ ಸರಿಯಬೇಕು, ಕೂಡಲೇ ಮರಳಿಸಿದರೆ ಬೇಡವೆಂದಂತೆ. ಇದನ್ನೇ ಇನ್ನೊಬ್ಬ ಫ್ರೆಂಚ್ ಚಿಂತಕ ಬರೆದಿದ್ದ, ಇವರೇ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಹೋಗಿ ಸ್ವಲ್ಪ ಹೆಪ್ಪ ಕೇಳಿ ತರ್ರಿ. ಹಾಲಿಗೆ ಹಾಕಬೇಕು.”

“ಮನ್ಯಾಗ ಮೊಸರು ಅದ ಅಲ್ಲ?”

“ಇತ್ತು. ಈಗಷ್ಟ ಮಜ್ಜಿಗಿ ಮಾಡಿ ಎಲ್ಲಾ ಕುಡದೇನಿ,” ಎಂದು ಆಕೆ ತುಟಿ ಒರೆಸಿಕೊಂಡರು.

ಚಪ್ಪಲಿ ಮೆಟ್ಟುವಾಗ ಮಾಸ್ತರರ ಕೈ ತಾನಾಗಿ ಗೋಡಂಬಿ ಪಾಕೀಟಿಗೆ ಹೋಯಿತು. ನರ್ಮದಾಬಾಯಿ ಕೆಮ್ಮಿದರು. ಮಾಸ್ತರರು ಅದನ್ನು ಅಲ್ಲೇ ಬಿಟ್ಟರು.

ಗುರುಬಸವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಈ ಸಲ ಏನ ತಂದ್ರಿ ಮಾಸ್ತರ್ರ?”

“ಏನೂ ತಂದಿಲ್ಲರಿ.” ತಂದೆಯ ಚೀಲ ಮಾಸ್ತರರ ಕಣ್ಣಮುಂದೆ ಬಂತು. “ಸ್ವಲ್ಪ ಹೆಪ್ಪ ಬೇಕಾಗಿತ್ತು.”

ಅಂದವರೇ ಎರಡೂ ಕೈ ಚಾಚಿದರು. ಗಾಬರಿಯಲ್ಲಿ ಪಾತ್ರೆ ತರುವುದನ್ನೂ ಮರೆತಿದ್ದರು.

ಗುರುಬಸವ್ವ ಆ ಖಾಲಿ ಕೈಗಳನ್ನು ನೋಡಿದಳು. ಮೊರ ಕೆಳಗಿಟ್ಟು ಒಳಗೆ ಹೋಗಿ, ಸ್ಟೀಲಿನ ವಾಟಗದಲ್ಲಿ, ಅಂಗೈಯಗಲದ ಬಟ್ಟಲಲ್ಲಿ, ಗಟ್ಟಿ ಮೊಸರು ತಂದು ಕೈಯಲ್ಲಿಟ್ಟಳು.

“ವಾಟಗ ಯಾವಾಗ ಕೊಡತೀರಿ?”

“ಗೊತ್ತಿಲ್ಲರಿ.”

“ಹಾಂ, ಈಗ ಶಾಣ್ಯಾ ಆದ್ರಿ ನೋಡ್ರಿ,” ಎಂದು ಆಕೆ ಬಾಯ್ತುಂಬ ನಕ್ಕಳು.

ಮರುದಿನ ಸಂಜೆ, “ನನ್ನ ವಾಟಗ ಒಯ್ಯಾಕ ಬಂದೇನವ್ವಾ,” ಎನ್ನುತ್ತ ಬಂದವಳು ಮಂಚದ ಬದಿ ಕೂತಳು. ಹತ್ತು ದಿನಗಳ ಸುದ್ದಿ ಬಾಕಿಯಿತ್ತು, ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಒಳಗಿನಿಂದ ಹೆಂಡತಿಯ ನಗು ಕೇಳಿ ಮಾಸ್ತರರ ಕಣ್ಣುಗಳು ಒದ್ದೆಯಾದವು.

ಆಕೆ ಹೋದ ಮೇಲೆ ನೋಡಿದರೆ ವಾಟಗ ಗೋಡೆಯ ಮಾಡದಲ್ಲೇ ಇದೆ. ಹಳೆಯ ಚಟ, ಹಿಡಿದುಕೊಂಡು ಬಾಗಿಲ ತನಕ ಓಡಿದರು. ಗುರುಬಸವ್ವ ಇನ್ನೂ ತನ್ನ ಮೆಟ್ಟಿಲು ಹತ್ತಿರಲಿಲ್ಲ. ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಮಾಸ್ತರರು ಕೂಗಲಿಲ್ಲ. ಒಳಗೆ ಬಂದು ವಾಟಗವನ್ನು ಮಾಡದಲ್ಲಿ ತುಸು ಹಿಂದಕ್ಕೆ ಸರಿಸಿಟ್ಟರು. ಅದನ್ನು ಒಯ್ಯಲು ಆಕೆ ನಾಳೆಯೂ ಬರಬೇಕಲ್ಲ.