ಸಾವಕ್ಕ ಬರೆದ ‘ಬ’

ನಾನೊಂದು ಬೆಡ್‌ಪ್ಯಾನು. ಮೂಗು ಮುಚ್ಚಿಕೊಳ್ಳಬೇಡಿ, ತೊಳೆದೇ ಇಟ್ಟಿದ್ದಾರೆ. ಹಾಸಿಗೆ ಬಿಟ್ಟು ಏಳಲಾಗದವರ ಅಡಿಗೆ ಇಡುವ ಸ್ಟೀಲಿನ ಪಾತ್ರೆ ನಾನು. ಇವತ್ತು ನನ್ನನ್ನು ನೋಡಿ ಮುಖ ತಿರುಗಿಸುವವರಿಗೆ ನಾಳೆ ನಾನೇ ಬೇಕಾಗುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಹುಟ್ಟಿದ್ದು ಒಂದು ಪಾತ್ರೆ ಕಾರ್ಖಾನೆಯಲ್ಲಿ. ಅದೇ ತಗಡಿನಿಂದ ನನ್ನ ಜೊತೆ ಹೊರಬಂದವರೆಲ್ಲ ಊಟದ ತಟ್ಟೆಗಳಾದರು. ಹಬ್ಬದ ದಿನದ ಹೋಳಿಗೆ, ತುಪ್ಪ ಎಲ್ಲ ಅವರ ಪಾಲಿಗೆ. ನನ್ನನ್ನು ಮಾತ್ರ ಬೇರೆ ಅಚ್ಚಿಗೆ ಹಾಕಿ ಒತ್ತಿದರು. ಒಂದು ಕಡೆ ತಗ್ಗು, ಒಂದು ಕಡೆ ಎತ್ತರ, ಸುತ್ತಲೂ ಎರಡು ಬೆರಳಗಲದ ಅಂಚು. ಆ ಅಂಚನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತಟ್ಟೆಗಳ ಹಾಗೆ ನಾನೂ ಒಂದು ದಿನ ಮೇಜಿನ ಮೇಲೆ ಕೂರಬೇಕು ಎಂಬ ಆಸೆ ನನಗಿತ್ತು. ಅದೂ ಈಡೇರಿತು. ಈಡೇರದಿದ್ದರೆ ಚೆನ್ನಾಗಿತ್ತು.

ಬೆಟಗೇರಿ ಕಡೆಯ ಒಂದು ಆಸ್ಪತ್ರೆಗೆ ನನ್ನನ್ನು ತಂದರು. ಹೆಸರು ಬೇಡ ಬಿಡಿ. ಹೆಂಗಸರ ವಾರ್ಡಿನಲ್ಲಿ ಹದಿನೆಂಟು ಮಂಚ. ನನ್ನನ್ನು ಎತ್ತಿ ಇಟ್ಟ ಕೈಗಳು ಎಷ್ಟೋ. ಕೆಲವರು ದಬಕ್ಕನೆ ತುರುಕುತ್ತಿದ್ದರು, ಕೆಲವರು ಗೋಡೆ ನೋಡುತ್ತ ತೆಗೆಯುತ್ತಿದ್ದರು, ಒಬ್ಬಳಂತೂ ರೋಗಿಯನ್ನು ಬೈಯದೆ ನನ್ನನ್ನು ಒಯ್ದದ್ದೇ ಇಲ್ಲ. ಅಂಥವರ ನಡುವೆ ಇದ್ದವಳು ಸಾವಕ್ಕ.

ಸಾವಕ್ಕ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಯಾ. ಗಿಡ್ಡ ಮೈ, ದೊಡ್ಡ ಬಾಯಿ, ಹಣೆ ತುಂಬ ಕುಂಕುಮ. ಅವಳಿಗೆ ಮೂರು ಪದ್ಧತಿಗಳಿದ್ದವು. ನನ್ನನ್ನು ಇಡುವ ಮೊದಲು ಬಿಸಿನೀರು ಹುಯ್ದು, ಒರೆಸಿ, ತನ್ನ ಮುಂಗೈಗೆ ತಾಗಿಸಿ ನೋಡುತ್ತಿದ್ದಳು. ರೋಗಿಗೆ ಎಚ್ಚರವಿರಲಿ ಇಲ್ಲದಿರಲಿ, ಮುಟ್ಟುವ ಮೊದಲು “ಯವ್ವಾ, ಎತ್ತತೀನಿ ನೋಡ್ರಿ” ಅನ್ನುತ್ತಿದ್ದಳು. ಮತ್ತು ಮಾಡಿದ ಮೇಲೆಯೇ ಬರೆಯುತ್ತಿದ್ದಳು.

ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ. ಅದಕ್ಕೆ ಮಂಚದ ಕಾಲಕಡೆ ಒಂದು ಚೀಟಿ ತೂಗುತ್ತಿತ್ತು. ಎಡಕ್ಕೆ ಹೊರಳಿಸಿದರೆ ‘ಎ’, ಬಲಕ್ಕಾದರೆ ‘ಬ’, ನೆಟ್ಟಗೆ ಮಲಗಿಸಿದರೆ ‘ನ’. ಉಳಿದ ಆಯಾಗಳು ಡ್ಯೂಟಿಗೆ ಬಂದ ಕೂಡಲೇ ಇಡೀ ದಿನದ್ದನ್ನು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಸಾವಕ್ಕ ಶಾಲೆ ಕಂಡವಳಲ್ಲ, ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಅವಳ ‘ಬ’ಕ್ಕೆ ಒಂದು ಉದ್ದನೆಯ ಬಾಲ ಇರುತ್ತಿತ್ತು. ಆ ಬಾಲ ಕಂಡರೆ ಡಾಕ್ಟರು ಕೂಡ ರೋಗಿಯನ್ನು ನೋಡದೆ ಮುಂದೆ ಹೋಗುತ್ತಿದ್ದರು, ಅಷ್ಟು ನಂಬಿಕೆ.

ಆ ವರ್ಷ ಜಯಶೀಲಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಆರು ತಿಂಗಳು ತರಬೇತಿ ಮುಗಿಸಿದ್ದಳು, ಕೈಗವಸು ಹಾಕುವುದು ಚೆನ್ನಾಗಿ ಬರುತ್ತಿತ್ತು. ಮೊದಲ ದಿನವೇ ನನ್ನನ್ನು ತಣ್ಣಗಿದ್ದ ಹಾಗೇ ಒಯ್ದಳು. ಸಾವಕ್ಕ ಅವಳನ್ನು ಖಾಲಿ ಮಂಚದ ಮೇಲೆ ಮಲಗಿಸಿ ನನ್ನನ್ನು ಸೀದಾ ಅವಳ ಸೊಂಟದಡಿ ತಳ್ಳಿದಳು. ಹುಡುಗಿ ಹೌಹಾರಿ ಎದ್ದಳು.

“ಝಲ್ ಅಂತಿಲ್ಲೋ? ಅವರಿಗೂ ಹಂಗs ಆಕ್ಕೈತಿ. ಏಳಾಕ ಬರೂದಿಲ್ಲ, ಅದಕ್ಕ ಸುಮ್ಮನಿರ್ತಾರ” ಅಂದಳು ಸಾವಕ್ಕ. ಅವತ್ತಿನಿಂದ ಹುಡುಗಿ ನಲ್ಲಿಯ ಬಳಿ ನೀರು ಬಿಸಿಯಾಗುವ ತನಕ ನಿಲ್ಲುವುದನ್ನು ಕಲಿತಳು.

ಏಳನೆಯ ಮಂಚದಲ್ಲಿ ನೀಲವ್ವ ಇದ್ದಳು. ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದ ಮುದುಕಿ. ಲಕ್ವ ಹೊಡೆದು ಬಲಮೈ ಸತ್ತಿತ್ತು, ಮಾತು ಹೋಗಿತ್ತು. ಒಂದೇ ಒಂದು ಶಬ್ದ ಉಳಿದಿತ್ತು: “ಲಾಳಿ.” ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿ. ನೀರು ಬೇಕಾದರೂ ಲಾಳಿ, ನೋವಾದರೂ ಲಾಳಿ, ಮಗಳು ಸುವರ್ಣಾ ಬಂದರೂ ಲಾಳಿ. ಮಗಳಿಗೂ ತಿಳಿಯದ್ದು ಸಾವಕ್ಕನಿಗೆ ತಿಳಿಯುತ್ತಿತ್ತು. “ಎಳದು ಅಂದ್ರ ಮಗ್ಗಲಾ ಬದಲಸು ಅಂತ. ಎರಡ ಸರ್ತಿ ಅಂದ್ರ ಪ್ಯಾನ್ ಬೇಕು. ಭಾಳ ಸುಲಭ ಐತಿ, ಕಿವಿ ಕೊಡಬೇಕಷ್ಟ” ಅನ್ನುತ್ತಿದ್ದಳು.

ಇನ್ನು ಆ ದಿನದ ಮಾತು. ಆಸ್ಪತ್ರೆಗೆ ದರ್ಜೆ ಕೊಡಲು ಒಂದು ತಂಡ ತಪಾಸಣೆಗೆ ಬರುವುದಿತ್ತು. ಹಿರಿಯ ನರ್ಸ್ ವಿಮಲಾ ಸಿಸ್ಟರ್ ಬೆಳಿಗ್ಗೆಯಿಂದ ಕಾಲು ನೆಲಕ್ಕೆ ಊರಿರಲಿಲ್ಲ. ರೋಗಿಗಳ ಕಡೆಯವರನ್ನೆಲ್ಲ ಹೊರಗೆ ಕಳಿಸಿದರು. ನಮ್ಮ ವಾರ್ಡಿನಲ್ಲಿ ಒಂದು ರೂಢಿ ಇತ್ತು: ಯಾರ ಅಡಿಗಾದರೂ ಪ್ಯಾನ್ ಇಟ್ಟರೆ ಮಂಚದ ಕಾಲಿಗೆ ಒಂದು ಕೆಂಪು ಅರಿವೆಯ ಚೂರು ಕಟ್ಟುವುದು, ಮರೆಯದಿರಲಿ ಎಂದು. “ಈ ಚಿಂದಿ ಎಲ್ಲಾ ತಗೀರಿ, ಅಸಹ್ಯ ಕಾಣ್ತೈತಿ” ಎಂದು ಸಿಸ್ಟರ್ ಅವನ್ನೂ ಬಿಚ್ಚಿಸಿದರು.

ಆಮೇಲೆ ಚೀಟಿಗಳ ಕಡೆ ಬಂದರು. “ಸಾವಕ್ಕ, ಸಂಜೀತನದ್ದು ಈಗs ತುಂಬಿಬಿಡು. ಖಾಲಿ ಸಾಲು ಅವರಿಗೆ ಕಾಣಬಾರದು.”

“ಹೊರಳಿಸದs ಹೆಂಗ ಬರೀಲ್ರಿ ಸಿಸ್ಟರ್?”

“ಹೊರಳಸಾಕ ನೀನs ಇರ್ತೀಯಲ್ಲ? ಒಂದಿನಕ್ಕ ಏನಾಗೂದಿಲ್ಲ, ಬರಿ.”

ಸಾವಕ್ಕ ಪೆನ್ನು ಹಿಡಿದಳು. ಬರೆದಳು. ಏಳನೆಯ ಮಂಚದ ಚೀಟಿಯಲ್ಲಿ ಹತ್ತಕ್ಕೆ ‘ನ’, ಹನ್ನೆರಡಕ್ಕೆ ಬಾಲದ ‘ಬ’, ಎರಡಕ್ಕೆ ‘ಎ’, ನಾಲ್ಕಕ್ಕೆ ಮತ್ತೆ ‘ನ’. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಹತ್ತಕ್ಕೆ ನೀಲವ್ವ ಎರಡು ಸಲ ಲಾಳಿ ಅಂದಳು. ಸಾವಕ್ಕ ನನ್ನನ್ನು ಬೆಚ್ಚಗೆ ಮಾಡಿ, “ಯವ್ವಾ, ಎತ್ತತೀನಿ ನೋಡ್ರಿ” ಎಂದು ಹೇಳಿ, ಅವಳ ಅಡಿಗೆ ಇಟ್ಟಳು. ಕೈ ತಾನಾಗಿ ಅರಿವೆಯ ಚೂರಿಗೆ ಹೋಯಿತು. ಚೂರು ಇರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು: ಹೆರಿಗೆ ಕೋಣೆಯ ಆಯಾ ಬಂದಿಲ್ಲ, ಬಸುರಿಯ ನೋವು ಜೋರಾಗಿದೆ, ಸಾವಕ್ಕ ಬರಲಿ. ಹತ್ತು ನಿಮಿಷದಲ್ಲಿ ಬಂದೇನೆಂದುಕೊಂಡು ಓಡಿದಳು. ಹೋಗುವಾಗ ಬಾಗಿಲಲ್ಲಿ ಜಯಶೀಲಾಳಿಗೆ “ವಾರ್ಡಿನ ಕಡೆ ಲಕ್ಷ್ಯ ಇರಲಿ ಯವ್ವಾ” ಅಂದಳು. ಏಳನೆಯ ಮಂಚದಲ್ಲಿ ಪ್ಯಾನ್ ಇದೆ ಎಂದು ಹೇಳಲಿಲ್ಲ. ಆ ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೆರಿಗೆ ಕಷ್ಟದ್ದಾಯಿತು. ಸಾವಕ್ಕನನ್ನು ಅಲ್ಲಿಂದ ಬಿಡಲಿಲ್ಲ.

ಹನ್ನೆರಡು ಹೊಡೆಯಿತು. ಜಯಶೀಲಾ ಚೀಟಿ ನೋಡಿದಳು. ಬಾಲದ ‘ಬ’ ಇತ್ತು; ಅದರ ಕೆಳಗಿನ ಸಾಲುಗಳೂ ಆಗಲೇ ತುಂಬಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಮಂಚ ನೋಡಿದಳು. ಮುದುಕಿ ಅಂಗಾತ ಮಲಗಿದ್ದಳು. ಸಾವಕ್ಕ ನಡುವೆ ಮೇಲೆ ಬಂದು ಬಲಕ್ಕೆ ಹೊರಳಿಸಿ ಹೋದ ಮೇಲೆ ಜಾರಿ ಮತ್ತೆ ಅಂಗಾತ ಆಗಿರಬೇಕು ಎಂದುಕೊಂಡಳು ಹುಚ್ಚು ಹುಡುಗಿ. ತನ್ನ ಕಣ್ಣು ಬಿಟ್ಟು ಸಾವಕ್ಕನ ಅಕ್ಷರ ನಂಬಿದಳು. ಬೇರೆ ಯಾರ ಕೈಬರಹವಾಗಿದ್ದರೂ ಹೊದಿಕೆ ಎತ್ತಿ ನೋಡುತ್ತಿದ್ದಳು.

ಒಂದು ಗಂಟೆಗೆ ಬಂದು ಮೂಗಿನ ನಳಿಗೆಯಲ್ಲಿ ಗಂಜಿ ಬಿಟ್ಟು ಹೋದಳು. “ಹಾಸಿಗೀ ಕೆದರಬ್ಯಾಡ್ರಿ, ಅವರು ಬರಾಕತ್ತಾರ” ಎಂದು ಸಿಸ್ಟರ್ ಎಲ್ಲರಿಗೂ ಹೇಳಿದ್ದರು. ನೀಲವ್ವ ಲಾಳಿ ಅನ್ನುತ್ತಲೇ ಇದ್ದಳು. ಎಳೆದು ಅಂದಳು, ಚಿಕ್ಕದಾಗಿ ಅಂದಳು, ಕೊನೆಗೆ ಅಳುತ್ತ ಅಂದಳು. ಎರಡೂವರೆಗೆ ತಂಡದವರು ಬಂದು ನಿಂತರು. ಒಬ್ಬರು ಚೀಟಿ ನೋಡಿ ತಲೆದೂಗಿದರು, ಇನ್ನೂ ಹೊಡೆಯದ ನಾಲ್ಕರ ‘ನ’ ಅವರಿಗೂ ಕಾಣಲಿಲ್ಲ. “ಅಜ್ಜಿ ಏನೋ ಹಾಡ್ತಾರಲ್ಲ” ಅಂದರು. ಎಲ್ಲರೂ ನಕ್ಕರು. ಅವಳ ಅಡಿಯಲ್ಲಿ ನಾನಿದ್ದೆ, ಅವಳ ಇಡೀ ಭಾರ ನನ್ನ ಅಂಚಿನ ಮೇಲಿತ್ತು. ಮೂಳೆ ಅಂಚಿಗೆ ಒತ್ತುವುದು ನನಗೆ ತಿಳಿಯುತ್ತಿತ್ತು.

ಸಾವಕ್ಕ ಮೆಟ್ಟಿಲು ಹತ್ತಿ ಬಂದದ್ದು ನಾಲ್ಕೂಕಾಲಿಗೆ. ಚೀಟಿ ನೋಡಿದಳು, ಮುದುಕಿಯ ಮುಖ ನೋಡಿದಳು, ಒಮ್ಮೆಲೇ ನೆನಪಾಯಿತು. “ಅಯ್ಯೋ ಶಿವನs!” ಎಂದು ಹೊದಿಕೆ ಎತ್ತಿದಳು. ಆಗಲೂ ಪದ್ಧತಿ ಬಿಡಲಿಲ್ಲ. “ಯವ್ವಾ, ಎತ್ತತೀನಿ ನೋಡ್ರಿ” ಅಂದಳು. ನಾನು ಚರ್ಮಕ್ಕೆ ಅಂಟಿಕೊಂಡಿದ್ದೆ. ತೆಗೆದಾಗ ನನ್ನ ಅಂಚಿನ ಗುರುತು ಕೆನ್ನೀಲಿಯಾಗಿ ಮೂಡಿತ್ತು.

ಸಾವಕ್ಕ ಅವತ್ತೇ ಸಿಸ್ಟರ್ ಹತ್ತಿರ ಹೋದಳು. “ಮುಲಾಮು ಹಚ್ಚು, ಬಾಯಿ ಮುಚ್ಚಿಕೊಂಡಿರು. ದರ್ಜೆ ಬರೂತನಾ ಯಾರಿಗೂ ಹೇಳಬ್ಯಾಡ” ಅಂದರು ಅವರು. ಸಾವಕ್ಕ ಮುಲಾಮು ಹಚ್ಚಿದಳು, ಬಾಯಿ ಮುಚ್ಚಿಕೊಂಡಳು. ನಾನು ಅವಳನ್ನು ದೇವರು ಮಾಡಲು ಹೊರಟಿಲ್ಲ. ಐದು ದಿನ ಅವಳು ಸುಮ್ಮನಿದ್ದಳು. ಆ ಐದು ದಿನ ನನ್ನನ್ನು ತೊಳೆಯುವಾಗ ಅಂಚನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು.

ಐದನೆಯ ದಿನ ಹುಣ್ಣು ಕಪ್ಪಾಗಿ ಒಡೆಯಿತು. ಮೈ ಒರೆಸುತ್ತಿದ್ದ ಮಗಳು ಸುವರ್ಣಾ ಅದನ್ನು ನೋಡಿದಳು, ಬಾಗಿದ ಗೆರೆಯ ಆಕಾರ ನೋಡಿದಳು, ಮಂಚದ ಕೆಳಗಿದ್ದ ನನ್ನನ್ನು ನೋಡಿದಳು. ಎತ್ತಿಕೊಂಡು ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಅವರ ಮೇಜಿನ ಮೇಲೆ ಕುಕ್ಕಿದಳು. ಹೀಗೆ ನಾನು ಮೇಜು ಹತ್ತಿದೆ.

“ನಮ್ಮವ್ವನ ಮೈಮ್ಯಾಲೆ ಇದರ ಅಚ್ಚು ಬಿದ್ದೈತಿ. ಯಾರು ಇಟ್ಟು ಮರತಾರ, ಹೇಳ್ರಿ” ಅಂದಳು.

ವಿಮಲಾ ಸಿಸ್ಟರ್ ತಪಾಸಣೆಯ ದಿನದ ಚೀಟಿ ತಂದರು. ಹನ್ನೆರಡಕ್ಕೆ ‘ಬ’, ಎರಡಕ್ಕೆ ‘ಎ’. ಸಾವಕ್ಕ ಹೊರಳಿಸಿದ್ದಾಳೆ, ತಪ್ಪಿಲ್ಲ. ಅಂದಮೇಲೆ ಎರಡರ ನಂತರ ಹೊಸ ಹುಡುಗಿ ಇಟ್ಟು ಮರೆತಿರಬೇಕು ಅಂದರು. ಸಾವಕ್ಕ ಆ ಹೊತ್ತು ಹೆರಿಗೆ ಕೋಣೆಯಲ್ಲಿದ್ದದ್ದನ್ನು ಬಾಯಿಬಿಡಲಿಲ್ಲ. ಜಯಶೀಲಾಳನ್ನು ಕರೆಸಿದರು. “ನಾ ಇಟ್ಟಿಲ್ರಿ, ನಮ್ಮವ್ವನ ಆಣಿ, ನಾ ಇಟ್ಟಿಲ್ರಿ” ಎಂದು ಹುಡುಗಿ ಗೋಳಾಡಿದಳು. ಅವಳ ಮಾತು ಯಾರು ಕೇಳುತ್ತಾರೆ? ಎದುರಿಗೆ ಸಾವಕ್ಕನ ಅಕ್ಷರವಿತ್ತು. ನಾಳೆಯಿಂದ ಬರಬೇಡ ಎಂದು ಡಾಕ್ಟರು ಹೇಳುವುದರಲ್ಲಿದ್ದರು.

ಬಾಗಿಲ ಬಳಿ ನಿಂತಿದ್ದ ಸಾವಕ್ಕ ಒಳಗೆ ಬಂದಳು. ಸುಮ್ಮನಿದ್ದಿದ್ದರೆ ಅವಳ ಕೂದಲೂ ಕೊಂಕುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹೆಸರು, ಅನ್ನ, ಎಲ್ಲ ಉಳಿಯುತ್ತಿತ್ತು.

“ಆ ಚೀಟಿ ಸುಳ್ಳ ಐತ್ರಿ” ಅಂದಳು. “ಹೊರಳಿಸಿಲ್ಲ. ಮುಂಜಾನೆನs ಬರದಿಟ್ಟಿದ್ದೆ. ಪ್ಯಾನ್ ಇಟ್ಟಾಕಿ ನಾನು, ಮರತಾಕಿ ನಾನು. ಈ ಹುಡುಗಿ ನನ್ನ ಅಕ್ಷರ ನಂಬಿದ್ಲು, ಅಷ್ಟs ಆಕಿ ತಪ್ಪು.”

“ಮುಂಜಾನೆ ಬರಿ ಅಂತ ಯಾರು ಹೇಳಿದ್ರು?” ಎಂದರು ಡಾಕ್ಟರು. ವಿಮಲಾ ಸಿಸ್ಟರ್ ತಲೆಯ ಮೇಲೆ ತಿರುಗುವ ಫ್ಯಾನು ನೋಡತೊಡಗಿದರು.

“ಸಿಸ್ಟರ್ ಹೇಳಿದ್ರು. ಖರೆ ಕೇಳಿದ್ರಿ, ಹೇಳಿದೆ. ಆದರ ಪೆನ್ನು ಹಿಡದ ಕೈ ನಂದ್ರಿ.”

ಸುವರ್ಣಾ ಅವಳ ಮುಖವನ್ನೇ ನೋಡಿದಳು. “ಐದು ದಿನ ನನ್ನ ಕೈಯಾಗಿನ ಚಹಾ ಕುಡದಿ. ಐದು ದಿನ!” ಅಂದಳು. “ಇನ್ನ ನಮ್ಮವ್ವನ ಮುಟ್ಟಬ್ಯಾಡ.”

ಜಯಶೀಲಾ ಉಳಿದಳು. ಸಾವಕ್ಕನನ್ನು ಅವತ್ತೇ ಕೆಲಸದಿಂದ ತೆಗೆದರು. ನನ್ನನ್ನು ತಿರುಗಿ ವಾರ್ಡಿನ ಮೂಲೆಗೆ ತಂದಿಟ್ಟರು. ಸಿಸ್ಟರ್ ಕುರ್ಚಿ ಅಲ್ಲಾಡಲಿಲ್ಲ. ದರ್ಜೆಯ ಪತ್ರ ಬಂತು, ಕಟ್ಟು ಹಾಕಿಸಿ ಬಾಗಿಲ ಎದುರು ತೂಗುಹಾಕಿದರು.

ಸಾವಕ್ಕ ಮರುದಿನ ಬಂದಳು, ಆಯಾ ಆಗಿ ಅಲ್ಲ, ಭೇಟಿಯ ಹೊತ್ತಿನಲ್ಲಿ ಬರುವವರ ಹಾಗೆ. ಒಳಗೆ ಬರಲಿಲ್ಲ, ವಾರ್ಡಿನ ಹೊಸ್ತಿಲಲ್ಲೇ ನಿಂತಳು. ನೀಲವ್ವ ಲಾಳಿ ಅಂದಳು. ಜಯಶೀಲಾ ಗಾಬರಿಯಿಂದ ನೀರು ಹಿಡಿದಳು, ಹೊದಿಕೆ ಸರಿಮಾಡಿದಳು. ಲಾಳಿ ನಿಲ್ಲಲಿಲ್ಲ.

“ಎಡಕ್ಕ ಹೊರಳಸು. ಎಳದು ಅನ್ನಾಕತ್ತಾರ ನೋಡು” ಎಂದಳು ಹೊಸ್ತಿಲಿನಿಂದ ಸಾವಕ್ಕ. ಹೊರಳಿಸಿದ ಕೂಡಲೇ ಮುದುಕಿ ಸುಮ್ಮನಾದಳು. ಸುವರ್ಣಾ ನೋಡಿಯೂ ನೋಡದವಳಂತೆ ಕೂತಳು.

ಹೀಗೆ ಹನ್ನೊಂದು ದಿನ. ದಿನಾಲು ಭೇಟಿಯ ಹೊತ್ತಿಗೆ ಸಾವಕ್ಕ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಹುಣ್ಣಿನ ನಂಜು ರಕ್ತಕ್ಕೆ ಏರಿತ್ತು. ಹನ್ನೊಂದನೆಯ ಮಧ್ಯಾಹ್ನ ನೀಲವ್ವನ ಲಾಳಿ ತೀರ ಸಣ್ಣದಾಯಿತು. ಆಗ ಸುವರ್ಣಾ ತಿರುಗದೆಯೇ ಕೇಳಿದಳು: “ಏನಂತಾಳ ನಮ್ಮವ್ವ?”

“ಬಾಯಿ ಒಣಗೇತಿ ಅಂತಾರವ್ವ.”

ಮಗಳು ಹತ್ತಿ ಅದ್ದಿ ತುಟಿಗೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಲಾಳಿ ಬಂತು.

“ಈಗ?”

ಸಾವಕ್ಕ ಕಿವಿಗೊಟ್ಟು ಆಲಿಸಿದಳು. ಮಗಳಿಗೆ ಹಿತವಾಗುವ ಏನನ್ನಾದರೂ ಹೇಳಬಹುದಿತ್ತು. “ಇದು ನನಗೂ ತಿಳೀವಲ್ದವ್ವ” ಅಂದಳು. ಅದೇ ಕೊನೆಯ ಲಾಳಿ. ಮಗಳು ಕೂಗಿ ಅತ್ತಳು. ಸಾವಕ್ಕ ಹೊಸ್ತಿಲು ದಾಟಲಿಲ್ಲ, ಅಲ್ಲಿಂದಲೇ ಕೈಮುಗಿದು ಹೋದಳು. ಮತ್ತೆ ನಾನು ಅವಳನ್ನು ಕಂಡಿಲ್ಲ.

ನನ್ನನ್ನು ಬಳಸಲು ಯಾರಿಗೂ ಮನಸ್ಸಾಗಲಿಲ್ಲ. ವಾರ್ಡಿನ ಪಕ್ಕದ ಹಳೆಯ ಸಾಮಾನಿನ ಕೋಣೆಯಲ್ಲಿ, ಮುರಿದ ಗಾಲಿಕುರ್ಚಿಯ ಕೆಳಗೆ ಎಸೆದರು. ಮೂರು ವರ್ಷವಾಯಿತು. ಗುಜರಿಯವನು ಬಂದರೆ ಕರಗಿಸುತ್ತಾರೆ. ತಟ್ಟೆಯಾಗುವ ಆಸೆ ಈಗಿಲ್ಲ. ಆ ಆರು ತಾಸಿನ ಲಾಳಿಗೆಲ್ಲ ಒಂದೇ ಅರ್ಥವಿತ್ತು: ಇದನ್ನು ತೆಗೆಯಿರಿ. ತಿಳಿದದ್ದು ನನಗೆ, ನನಗೋ ಕೈಯಿಲ್ಲ. ಕೈಯಿದ್ದವರೆಲ್ಲ ಚೀಟಿ ಓದುತ್ತಿದ್ದರು.

ಮೊನ್ನೆ ಬೆಳಿಗ್ಗೆ ಸಲೈನಿನ ಸ್ಟ್ಯಾಂಡು ಹುಡುಕುತ್ತ ಜಯಶೀಲಾ ಈ ಕೋಣೆಗೆ ಬಂದಳು. ನನ್ನನ್ನು ಕಂಡು ನಿಂತಳು. ಬಗ್ಗಿ ಅಂಚಿನ ಮೇಲಿನ ಧೂಳು ಒರೆಸಿದಳು. ಅಷ್ಟರಲ್ಲಿ ಹೊರಗಿನಿಂದ ವಿಮಲಾ ಸಿಸ್ಟರ್ ಕೂಗಿದರು: “ಜಯಾ, ಇವತ್ತು ತಪಾಸಣಿಯವರು ಬರ್ತಾರ. ಚೀಟಿ ಎಲ್ಲಾ ತುಂಬಿಬಿಡು.”

“ಹೊರಳಿಸಿ ತುಂಬತೀನ್ರಿ ಸಿಸ್ಟರ್.”

“ಈಗs ತುಂಬು ಅಂದೆ.”

“ಹೊರಳಿಸಿ ತುಂಬತೀನ್ರಿ.”

“ಕೆಲಸ ಬ್ಯಾಡಾಗೇತೇನು ನಿನಗ?”

ಜಯಶೀಲಾ ನನ್ನನ್ನು ಇದ್ದಲ್ಲೇ ಇಟ್ಟು ಹೋದಳು. ನಾನು ಕಿವಿಗೊಟ್ಟೆ. ಪೆನ್ನಿನ ಸದ್ದು ಮೊದಲೋ, ನೀರಿನ ಸದ್ದು ಮೊದಲೋ ಎಂದು ಜೀವ ಹಿಡಿದು ಕಾದೆ. ನಲ್ಲಿ ತಿರುಗಿತು. ನೀರು ಬಹಳ ಹೊತ್ತು ಬಿತ್ತು, ಬಿಸಿಯಾಗುವ ತನಕ.