ಬೂದಿ ಬಣ್ಣದ ದಾರ, ಮೂರು ಇಳಕಲ್ ಸೀರೆ

ನಾನು ಒಂದು ದಾರದ ರೀಲು. ಬಣ್ಣ ಬೂದಿಯದು. ಹುಟ್ಟಿದ ದಿನದಿಂದಲೂ ನನಗೆ ನಿಂತಲ್ಲಿ ನಿಲ್ಲಲಾಗದು. ಗಿರಣಿಯಲ್ಲಿ ನನ್ನನ್ನು ಬಿಸಿ ಬಣ್ಣದಲ್ಲಿ ಅದ್ದಿ, ಒಣಗಿಸಿ, ಒಂದು ರಟ್ಟಿನ ಕೊಳವೆಗೆ ಗರಗರನೆ ಸುತ್ತಿದರು. ಸುತ್ತಿದ್ದು ಬಿಚ್ಚಿಕೊಳ್ಳುವುದಕ್ಕೇ ಅಲ್ಲವೇ? ಆದರೆ ಗದಗಿನ ದೇವಿಚಂದ ಸೇಠರ ಅಂಗಡಿಯ ಕಪಾಟಿನಲ್ಲಿ ಒಂದು ವರ್ಷ ಕುಳಿತೇ ಇದ್ದೆ. ಪಕ್ಕದ ಕೆಂಪು, ಹಳದಿ, ಗಿಳಿಹಸಿರು ರೀಲುಗಳು ವಾರಕ್ಕೊಮ್ಮೆ ಖಾಲಿಯಾಗಿ ಹೊಸವು ಬರುತ್ತಿದ್ದವು. ನನ್ನ ಮೇಲೆ ಮಾತ್ರ ಧೂಳು.

ಕೊನೆಗೆ ಇಂದುಬಾಯಿ ಬಂದಳು. ಬೆಟಗೇರಿಯಲ್ಲಿ ಮಷೀನಿನ ಮೇಲೆ ಕೌದಿ ಹೊಲಿಯುವವಳು. ಜನ ಹಳೆಯ ಸೀರೆಗಳನ್ನು ತಂದುಕೊಟ್ಟರೆ ಪದರದ ಮೇಲೆ ಪದರ ಹಾಸಿ, ಗೆರೆ ಎಳೆದ ಹಾಗೆ ಹೊಲಿದು ಕೊಡುತ್ತಿದ್ದಳು. ಅವಳು ಒಂದು ಕೆಂಪು ರೀಲು ಕೊಂಡಾಗ ಸೇಠರು ನನ್ನನ್ನೂ ಅವಳ ಚೀಲಕ್ಕೆ ಹಾಕಿದರು.

"ಇದನ್ನ ಯಾರೂ ಕೇಳೂದಿಲ್ಲ ತಂಗಿ. ಒಯ್ಯಿ, ಯಾವುದಕ್ಕರ ಆದೀತು."

ಅವರು ಅದನ್ನು ಉಪಕಾರವೆಂದು ಮಾಡಿದ್ದಲ್ಲ. ಆದರೂ ನನ್ನ ಪಾಲಿಗೆ ಅದು ಉಪಕಾರವೇ.

ಇಂದುಬಾಯಿ ದಾರ ಆರಿಸುವ ರೀತಿಯೇ ಬೇರೆ. ರೀಲನ್ನು ಬಟ್ಟೆಯ ಪಕ್ಕದಲ್ಲಿಟ್ಟು ನೋಡುತ್ತಿರಲಿಲ್ಲ. ಒಂದು ಮೊಳ ಎಳೆ ಬಿಚ್ಚಿ, ಬಟ್ಟೆಯ ಮೇಲೆ ಉದ್ದಕ್ಕೆ ಹಾಸಿ, ಬಾಗಿಲ ಬೆಳಕಿಗೆ ಒಯ್ಯುತ್ತಿದ್ದಳು. ಸಾವಿರ ಸುತ್ತು ಒಟ್ಟಿಗೆ ಕುಳಿತಾಗ ಕಾಣುವ ಬಣ್ಣವೇ ಬೇರೆ, ಒಂಟಿ ಎಳೆಯ ಬಣ್ಣವೇ ಬೇರೆ. ಹಾಗೆ ನನ್ನನ್ನು ಮೊದಲ ಸಲ ಹಾಸಿದ ದಿನ ಅವಳಿಗೇ ಅಚ್ಚರಿಯಾಯಿತು. ಹಸಿರಿನ ಮೇಲೂ ನಾನು ಕಾಣಲಿಲ್ಲ, ನೇರಳೆಯ ಮೇಲೂ ಕಾಣಲಿಲ್ಲ. ನಾಲ್ಕು ಹೊಲಿಗೆ ಹಾಕಿ ನೋಡಿದರೆ ಬಟ್ಟೆಯೇ ತಾನಾಗಿ ಉಬ್ಬಿ ತಗ್ಗಿದಂತೆ ಕಂಡಿತು.

ಆ ಸಂತೋಷದಲ್ಲಿ ಅವಳು ಒಂದು ಮದುವೆಯ ಕೌದಿಗೆ ನನ್ನನ್ನು ಹಾಕಿದಳು. ಗಿರಾಕಿ "ನಿಮಗ ತಿಳಿದಂಗ ಮಾಡ್ರಿ" ಎಂದು ಹೇಳಿ ಹೋಗಿದ್ದಾಕೆ. ಒಯ್ಯಲು ಬಂದ ದಿನ ಓಣಿಗೆಲ್ಲ ಕೇಳುವಂತೆ ಕೂಗಾಡಿದಳು.

"ಇದೇನ್ರೀ ಇಂದುಬಾಯಿ, ಹೊಲಿಗಿನಽ ಕಾಣವಲ್ದು! ದಾರ ಉಳಿಸಿಕೊಂಡ್ರೇನು?"

ಇಂದುಬಾಯಿ ಕೌದಿಯನ್ನು ಮಗುಚಿ, ಸಾಲು ಸಾಲಾಗಿ ತೋರಿಸಿದಳು. ಆಕೆ ಕೇಳಲಿಲ್ಲ. ಸಂಜೆ ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಅತ್ತೆ ಅಂಬುಬಾಯಿ, "ಗಿರಾಕಿ ಬಾಯಾಗ ಯಾವ ಬಣ್ಣ ಬರತೈತಿ, ಅದನ್ನ ಹೊಲಿ. ನಿನ್ನ ಕಣ್ಣು ನಿನ್ನ ಹಂತ್ಯಾಕ ಇಟ್ಕೊ" ಎಂದಳು. ಅಂದಿನಿಂದ ಅದೇ ಮನೆಯ ನಿಯಮವಾಯಿತು. ನಾನು ದಾರದ ಡಬ್ಬಿಯ ತಳ ಸೇರಿದೆ. ಮೇಲೆ ಮಷೀನು ಓಡುವ ಸದ್ದು ಕೇಳಿದಾಗಲೆಲ್ಲ ನನ್ನ ತುದಿ ತಾನಾಗಿಯೇ ಬಿಚ್ಚಿಕೊಂಡು ಉಳಿದ ರೀಲುಗಳಿಗೆ ಸುತ್ತಿಕೊಳ್ಳುತ್ತಿತ್ತು. "ಈ ದರಿದ್ರ ಬೂದಿ ರೀಲು ಎಲ್ಲಾದಕ್ಕೂ ಗಂಟು ಬೀಳತೈತಿ" ಎಂದು ಅಂಬುಬಾಯಿ ಬೈಯುತ್ತಿದ್ದಳು.

ಹೀಗಿರುವಾಗ ಶಕುಂತಲಾ ಬಳಿಗಾರ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವರು. ಅವರ ಮಗಳು ಎಂಟು ತಿಂಗಳ ಬಸುರಿ. ಹುಟ್ಟುವ ಕೂಸಿಗೆ, ತೀರಿಹೋದ ತಮ್ಮ ತಾಯಿಯ ಮೂರು ಇಳಕಲ್ ಸೀರೆಗಳಲ್ಲಿ ಕೌದಿ ಬೇಕಿತ್ತು. ಒಗೆದು ಒಗೆದು ಬಣ್ಣ ಇಳಿದಿದ್ದ ಹಸಿರು, ನೇರಳೆ, ಗೋದಿ ಬಣ್ಣದ ಸೀರೆಗಳು.

"ಇವು ಬಿಟ್ರ ಅವ್ವಂದು ನನ್ನ ಹಂತ್ಯಾಕ ಬ್ಯಾರೆ ಏನೂ ಇಲ್ರಿ," ಎಂದರು. ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. "ದಾರ ಮಾತ್ರ ಹಿಂಗ ಕೆಂಪಗ ಎದ್ದು ಕಾಣಬೇಕು. ಕೂಸಿಂದು ನೋಡ್ರಿ, ಲಕ್ಷಣ ಇರಬೇಕು."

ಡಬ್ಬಿಯಿಂದ ಕೆಂಪು ರೀಲನ್ನು ತಾವೇ ಆರಿಸಿ, ಸೀರೆಯ ಪಕ್ಕದಲ್ಲಿಟ್ಟು, "ಹಾಂ, ಇದಽ" ಎಂದರು. ಎಳೆ ಬಿಚ್ಚಿ ನೋಡಲಿಲ್ಲ. ಇಂದುಬಾಯಿ ಮನೆಯ ನಿಯಮದಂತೆ ತಲೆಯಾಡಿಸಿದಳು. ಕೆಂಪು ಹುಡುಕುವಾಗ ಶಕುಂತಲಾ ನನ್ನನ್ನು ತೆಗೆದು ಕಿಟಕಿಯ ಮೇಲಿಟ್ಟಿದ್ದರು. ಅಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು.

ಎರಡು ದಿನ ಇಂದುಬಾಯಿ ಸೀರೆಗಳನ್ನು ಕತ್ತರಿಸಿ, ಪದರ ಹಾಸಿ, ಅವು ಜಾರದಂತೆ ಕೈಯಿಂದ ಉದ್ದುದ್ದ ಟಾಕಾ ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಕೆಂಪು ದಾರ ಪೋಣಿಸಿ ಅಂಚಿನಿಂದ ಆರಂಭಿಸಿದಳು. ನಾಲ್ಕು ಬೆರಳು ಹೊಲಿದಿರಬಹುದು, ಮಷೀನು ಗಕ್ಕನೆ ನಿಂತಿತು. ಅವಳ ಎಡಗೈ ಬಟ್ಟೆಯ ಮೇಲೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಕೌದಿಯನ್ನೇ ಎತ್ತಿಕೊಂಡು ಬಾಗಿಲಿಗೆ ಹೋದಳು.

"ಅತ್ತಿ, ಇಲ್ಲಿ ನೋಡ್ರಿ. ರಫು ಮಾಡ್ಯಾರ."

ಹರಿದ ಜಾಗಕ್ಕೆ ಸೀರೆಯ ಅಂಚಿನಿಂದಲೇ ಎಳೆ ಕಿತ್ತು, ನೇಯ್ಗೆಯೊಳಗೆ ನೇಯ್ಗೆಯಾಗಿ ಸೇರಿಸಿದ ಕೈ. ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಿಗುವಂಥದ್ದು. ಒಂದಲ್ಲ, ಹುಡುಕುತ್ತಾ ಹೋದಂತೆ ಹನ್ನೊಂದು. ಕೆಂಪು ಗೆರೆಗಳು ಹಾದುಹೋದರೆ ಎಲ್ಲವೂ ಅವುಗಳಡಿ ಮುಚ್ಚಿಹೋಗುತ್ತಿದ್ದವು. ಬಿಚ್ಚೋಣವೆಂದರೆ ಹಳೆಯ ಬಟ್ಟೆ, ಸೂಜಿಯ ತೂತು ಮತ್ತೆ ಕೂಡುವುದಿಲ್ಲ.

"ಆಕೀಗಿ ಗೊತ್ತಿದ್ದಂಗಿಲ್ಲ," ಎಂದಳು ಇಂದುಬಾಯಿ.

"ಗೊತ್ತಿಲ್ಲಂದ್ರ ಇನ್ನೂ ಚಲೋ ಆತು. ಕೆಂಪು ಅಂದಾಳ, ಕೆಂಪು ಹೊಲಿ. ಹ್ವಾದ ಸಲದ ಬೈಗಳ ಸಾಲಲಿಲ್ಲೇನು?"

ಇಂದುಬಾಯಿ ಮಷೀನಿಗೆ ಕುಳಿತಳು, ಎದ್ದಳು. ಚಹಾ ಮಾಡಿದಳು, ಕುಡಿಯಲಿಲ್ಲ. ಮತ್ತೆ ಕುಳಿತಳು. ನಾನು ಕಿಟಕಿಯ ಮೇಲೆ ಗಾಳಿಗೆ ಉರುಳಾಡುತ್ತಿದ್ದೆ. ಕೊನೆಗೆ ಅವಳು ಫೋನು ಎತ್ತಿದಳು.

ಶಾಲೆ ಬಿಟ್ಟ ಮೇಲೆ ಶಕುಂತಲಾ ಚೀಲ ಹೆಗಲಿಗೇರಿಸಿಕೊಂಡೇ ಬಂದರು. ಮುಖ ಗಂಟಿಕ್ಕಿತ್ತು.

"ಒಂದು ಬಣ್ಣ ಆರಿಸಾಕ ನಾ ಎಷ್ಟು ಸಲ ಬರಬೇಕ್ರಿ ಇಂದುಬಾಯಿ? ಕೆಂಪು ಅಂತ ಹೇಳಿ ಹೋಗಿದ್ದಿಲ್ಲೇನು?"

ಇಂದುಬಾಯಿ ವಾದ ಮಾಡಲಿಲ್ಲ. ಅವರ ಕೈ ಹಿಡಿದು, ಬೆರಳನ್ನು ನೇರಳೆ ತುಂಡಿನ ಮೇಲಿಟ್ಟಳು. "ಇಲ್ಲಿ ಮುಟ್ರಿ ಟೀಚರ್. ಇಲ್ಲಿ. ಮತ್ತ ಇಲ್ಲಿ."

ಶಕುಂತಲಾ ಮುಟ್ಟಿದರು. ಬೆಳಕಿಗೆ ಬಾಗಿದರು.

"ಎಷ್ಟು ಅದಾವ್ರಿ ಇಂಥಾವು?"

"ಹನ್ನೊಂದು ಸಿಕ್ಕಾವ್ರಿ. ಇನ್ನೂ ಇದ್ರೂ ಇರಬಹುದು."

"ನಮ್ಮವ್ವ ಹರಕ ಸೀರಿ ಉಟ್ಟಿದ್ದನ್ನ ನಾ ಒಮ್ಮೆನೂ ನೋಡಿಲ್ಲ," ಎಂದರು ಶಕುಂತಲಾ. "ನನಗ ಮಾತ್ರ ಪ್ರತಿ ಯುಗಾದಿಗೆ ಹೊಸ ಲಂಗ."

ಅಂಬುಬಾಯಿ ಕತ್ತರಿ ಕೆಳಗಿಟ್ಟು, ಸೊಸೆ ಕುಡಿಯದೆ ಬಿಟ್ಟಿದ್ದ ಚಹಾವನ್ನು ಮತ್ತೆ ಬಿಸಿಮಾಡಲು ಎದ್ದಳು.

ಆಗ ಇಂದುಬಾಯಿ ಕಿಟಕಿಯತ್ತ ಕೈಚಾಚಿದಳು. ನನ್ನಿಂದ ಒಂದು ಮೊಳ ಎಳೆ ಬಿಚ್ಚಿ, ಮೂರೂ ಬಣ್ಣಗಳ ಮೇಲೆ ಹಾಯುವಂತೆ ಹಾಸಿದಳು.

"ಎಲ್ಲಿ ಹೋತ್ರಿ ದಾರ?" ಎಂದರು ಶಕುಂತಲಾ.

"ಅಲ್ಲೇ ಐತ್ರಿ. ಕೆಂಪು ಬ್ಯಾಡಂತಲ್ಲ, ಅದನ್ನ ಬಾಬಿನ್ನಿಗೆ ಸುತ್ತಿ ಬುಡಕ ಹಾಕ್ತೀನಿ, ಕೆಳಗಷ್ಟ ಕಾಣತೈತಿ. ಮಗ್ಗಲು ಹೊರಳಿಸಿದ್ರ ನಿಮ್ಮ ಫೋನಿನ್ಯಾಗಿನ ಚಿತ್ರ, ಮ್ಯಾಲ ನಿಮ್ಮವ್ವನ ಕೈ. ಆದ್ರ ನಾಳೆ ಹೊಲಿಗಿ ಕಾಣವಲ್ದು ಅಂತ ಅನಬಾರದ್ರಿ."

"ದಾರ ಉಳಿಸ್ಯಾರ ಅಂತನೂ ಅನಬಾರ್ದು!" ಒಲೆಯ ಕಡೆಯಿಂದ ಅಂಬುಬಾಯಿ ಕೂಗಿದಳು.

ಶಕುಂತಲಾ ಕಣ್ಣೊರೆಸಿಕೊಂಡು ನಕ್ಕರು. ಇಂದುಬಾಯಿ ಬ್ಲೇಡು ತೆಗೆದು, ಹೊಲಿದಿದ್ದ ನಾಲ್ಕು ಬೆರಳು ಕೆಂಪನ್ನು ಬಿಚ್ಚಲು ಹೋದಾಗ ಅವಳ ಕೈ ತಡೆದರು.

"ತೂತು ಬೀಳತಾವಲ್ರಿ? ಇರ್ಲಿ ಬಿಡ್ರಿ. ಅದು ನಂದು."

ಮರುದಿನದಿಂದ ನಾನು ಮತ್ತೆ ಓಡಿದೆ. ಜೀವಮಾನದ ತಳಮಳವೆಲ್ಲ ಸೂಜಿಯ ಕಣ್ಣಿನಲ್ಲಿ ಹರಿಯಿತು. ಕೆಳಗಿನ ಕೆಂಪು ಚುಕ್ಕೆಯಾಗಿ ಮೇಲೆ ಇಣುಕದಂತೆ ಇಂದುಬಾಯಿ ಮೇಲಿನ ದಾರದ ಬಿಗಿಯ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸುತ್ತಾ, ತುಂಡು ಬಟ್ಟೆಯ ಮೇಲೆ ನೋಡುತ್ತಾ ಹೊಲಿದಳು. ಆದರೆ ಓಡಿದಂತೆಲ್ಲ ಬೇರೊಂದು ಭಯ. ಆರು ಸಾಲು ಉಳಿದಿರುವಾಗಲೇ ನನ್ನೊಳಗಿನ ರಟ್ಟು ಕಂಡಿತು. ಸೇಠರ ಅಂಗಡಿಯಲ್ಲಿ ಅದೇ ನಂಬರಿನ ಹೊಸ ರೀಲು ಬಂದಿದ್ದರೂ, ಅದು ಬೇರೆ ಸಲ ಅದ್ದಿದ ಬಣ್ಣ, ಒಂದು ಕೂದಲೆಳೆಯಷ್ಟು ನೀಲಿ. ಇಂದುಬಾಯಿ ಅದನ್ನು ಹಾಸಿ ನೋಡಿ ಪಕ್ಕಕ್ಕಿಟ್ಟಿದ್ದಳು. ಒಂದೊಂದು ಸಾಲಿನ ಕೊನೆಗೂ ಮಷೀನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ನಾನೂ ಅವಳನ್ನು ನೋಡುತ್ತಿದ್ದೆ.

ಕೊನೆಯ ಸಾಲಿಗೂ ನಾನು ಸಾಕಾದೆ. ಕೊನೆಯ ಮೂಲೆಯೊಳಗೆ ಅವಳು ಎಂದಿನಂತೆ ನಾಲ್ಕು ಕಾಳು ಜೋಳ ಹಾಕಿ, ಕೌದಿಯ ಹೊಟ್ಟೆ ಬರಿದಾಗಿರಬಾರದು ಎನ್ನುತ್ತಾ ಮುಚ್ಚಿದಳು. ಆಮೇಲೂ ಒಂದು ಮೊಳ ಉಳಿದಿತ್ತು.

ಕೌದಿ ಒಯ್ದ ದಿನ ಶಕುಂತಲಾ ಅದನ್ನು ಬಿಡಿಸಿ ನೋಡಲಿಲ್ಲ. ಕಣ್ಣು ಮುಚ್ಚಿ ಒಮ್ಮೆ ಕೈಯಾಡಿಸಿದರು, ಅಷ್ಟೇ.

ಈಗ ನಾನು ಖಾಲಿ ಕೊಳವೆ. ಬಾಗಿಲ ಪಕ್ಕದ ಮೊಳೆಗೆ ತೂಗುಬಿದ್ದಿದ್ದೇನೆ, ಆ ಒಂದು ಮೊಳ ಮೈಗೆ ಸುತ್ತಿಕೊಂಡು. ಹೊಸ ಗಿರಾಕಿ ಬಂದರೆ ಇಂದುಬಾಯಿ ಮೊದಲು ನನ್ನ ಎಳೆಯನ್ನೇ ಅವರ ಬಟ್ಟೆಯ ಮೇಲೆ ಹಾಸುತ್ತಾಳೆ. "ರೀಲು ನೋಡಬ್ಯಾಡ್ರಿ, ಎಳಿ ನೋಡ್ರಿ. ಆಮ್ಯಾಲ ಕೆಂಪು ಅಂದ್ರೂ ಕೆಂಪೇ ಹೊಲಿತೀನಿ." ಕೆಲವರು ನೋಡುತ್ತಾರೆ. ಹೆಚ್ಚಿನವರು ಕೆಂಪೇ ಕೇಳುತ್ತಾರೆ. ಅವಳು ನಗುತ್ತಲೇ ಹೊಲಿದು ಕೊಡುತ್ತಾಳೆ.

ನನ್ನ ತಳಮಳ ಇನ್ನೂ ಹೋಗಿಲ್ಲ. ಬಾಗಿಲಲ್ಲಿ ಗಾಳಿ ಬಂದರೆ ತುದಿ ಬಿಚ್ಚಿಕೊಂಡು ಬೀದಿಯತ್ತ ಹಾರುತ್ತದೆ. ನನ್ನ ಉಳಿದ ಮೈಯೆಲ್ಲ ಶಕುಂತಲಾರ ಮನೆಯಲ್ಲಿದೆಯಲ್ಲ. ಒಬ್ಬಾಕೆ ಯಾರಿಗೂ ಕಾಣದಂತೆ ಹಾಕಿದ ಹನ್ನೊಂದು ರಫುಗಳ ಪಕ್ಕದಲ್ಲಿ, ಅಷ್ಟೇ ಕಾಣದಂತೆ, ಒಂದು ಕೂಸಿನ ಬೆನ್ನಿನ ಕೆಳಗೆ. ಕೂಸು ಈಗ ಮಗ್ಗಲು ಹೊರಳಲು ಕಲಿತಿರಬೇಕು.